ಹೆಂಡ ಮುಟ್ಟದ ಮನೆ

ಮೂರು ತಲೆಮಾರು ಹೆಂಡ ಮುಟ್ಟದ ಮನೆ ನಮ್ಮದು,
ಎನ್ನುತ್ತಾಳೆ ವರ್ನಾ ಹಾಗ್ಲಂಡ್,
ಕಾರ್ಬ್ಯುರೇಟರಿನ ಜೆಟ್ಟಿಗೆ ಸೂಜಿಯಂಥ ಡ್ರಿಲ್ಲಿಟ್ಟು
ಕಂಡಿ ಹಿಗ್ಗಿಸುತ್ತ.
ಹೊರಗೆ ಡಕೋಟಾದ ಏಪ್ರಿಲ್ ಗಾಳಿ
ತಗಡು ಬಾಗಿಲು ಗುದ್ದುತ್ತಿದೆ.

ಕಳೆದ ವಾರ ಮೊದಲ ಕ್ಯಾನು ಎಥನಾಲ್ ಸುರಿದಾಗ
ಟ್ಯಾಂಕಿಗಂಟಿದ್ದ ಐವತ್ತು ವರ್ಷದ ತುಕ್ಕು
ಒಮ್ಮೆಲೇ ಕಳಚಿ ಫಿಲ್ಟರಿಗೆ ಬಂತು:
ಅಪ್ಪ ಹಾಕಿಸಿದ್ದ ಪೆಟ್ರೋಲಿನ ಗಸಿ,
ಒಂದು ಕಣಜದ ರೆಕ್ಕೆ.
ಬಟ್ಟೆಯಲ್ಲಿ ಒರೆಸಿದಳು. ಬಟ್ಟೆ ಎಸೆಯಲಿಲ್ಲ.

ಈಗ ಚಳಿಗೆ ಮೊಂಡು ಹಿಡಿದಿದೆ.
ಒಂದು ಚಮಚ ಪೆಟ್ರೋಲು
ಮಗುವಿಗೆ ಕಷಾಯ ಹೊಯ್ದಂತೆ ಹೊಯ್ದಳು.
ಕೆಮ್ಮಿತು. ಮತ್ತೆ ಕೆಮ್ಮಿತು. ಹತ್ತಿಕೊಂಡಿತು.

ತಾನೇ ಉತ್ತ ಹೊಲದ ಮುಸುಕಿನ ಜೋಳ ಕುಡಿದು
ತೂರಾಡದೆ ಸಾಲು ಹಿಡಿದು ಹೋಗುತ್ತಿದೆ.
ರಸ್ತೆಯಲ್ಲಿ ಪಾದ್ರಿಯ ಕಾರು ನಿಧಾನಿಸಿತು.
ಗಾಜು ಇಳಿಸಿ ಮೂಸಿದ.
ವರ್ನಾ ಕೈ ಬೀಸಿದಳು.