ನಾಲ್ಕನೇ ಚೌಕ

(ದಕ್ಷಿಣ ಡಕೋಟಾ, ೧೯೩೫)

ನಕಲು ಪ್ರತಿಯ ಅರ್ಜಿಯಲ್ಲಿ ಮೂರೇ ಚೌಕ:
ಸುಟ್ಟುಹೋಗಿದೆ. ನೀರುಪಾಲಾಗಿದೆ. ಕಳುವಾಗಿದೆ.
ಡ್ಯಾಗ್ನಿ ರಾಲೆಫ್‌ಸನ್ ಯಾವುದಕ್ಕೂ ಗುರುತು ಹಾಕಿಲ್ಲ.
ಹಿಂಬದಿಗೆ ಬರೆದಿದ್ದಾಳೆ, ಪೆನ್ಸಿಲ್ಲಿನಲ್ಲಿ,
ಗೆರೆಯಿಲ್ಲದ ಹಾಳೆಯ ಮೇಲೂ ಗೆರೆ ತಪ್ಪದ ಅಕ್ಷರ:

"ಸ್ವಾಮಿ, ನನ್ನ ಪ್ರಮಾಣಪತ್ರ ಕಳೆದಿಲ್ಲ.
ಎಲ್ಲಿದೆಯೆಂದು ನನಗೆ ಗೊತ್ತು.
ಮಾರ್ಚಿಯಲ್ಲಿ ಹಗಲೇ ಕತ್ತಲಾಗುವಂತೆ ಧೂಳೆದ್ದ ದಿನ
ತೊಟ್ಟಿಲ ಪಕ್ಕದ ಕಿಟಕಿ ಬಾಯಿಬಿಟ್ಟಿತ್ತು.
ಹಳೇ ಪತ್ರಿಕೆ ಮುಗಿದವು, ಕ್ಯಾಲೆಂಡರ್ ಮುಗಿಯಿತು,
ಹಿಟ್ಟಿನ ಚೀಲ ಹರಿದದ್ದೂ ಸಾಲಲಿಲ್ಲ.
ಮನೆಯಲ್ಲಿ ಉಳಿದ ದಪ್ಪ ಕಾಗದ ಅದೊಂದೇ.
ಉದ್ದಕ್ಕೆ ಮಡಚಿ, ಹಿಟ್ಟಿನಂಟು ಬಳಿದು
ಸಂದಿಗೆ ತುರುಕಿದೆ. ಈಗ ಕೀಳಲು ಬರುವುದಿಲ್ಲ.
ಕಿತ್ತರೂ ನಿಮ್ಮ ಮೊಹರು ಬರುವುದಿಲ್ಲ.
ಹದಿನಾಲ್ಕನೇ ನಂಬರಿನ ಶಾಲೆಗೆ ಟೀಚರು ಬೇಕಂತೆ.
ಶುಲ್ಕ ಐವತ್ತು ಸೆಂಟು, ಅಂಚೆಚೀಟಿಗಳಲ್ಲಿ ಇಟ್ಟಿದ್ದೇನೆ.
ಮೂರು ಸೆಂಟು ಕಮ್ಮಿ;
ಆ ಚೀಟಿ ಈ ಲಕೋಟೆಯ ಮೇಲಿದೆ."

ನಾನು ಕೌಂಟಿ ಕಚೇರಿಯ ಗುಮಾಸ್ತ.
ನೆಲಮಾಳಿಗೆಗೆ ಇಳಿದು ಇಪ್ಪತ್ತೊಂದರ ದಫ್ತರ ತೆಗೆದೆ.
ಇಲ್ಲೂ ಬಿಟ್ಟಿಲ್ಲ ಅದು; ಪುಟ ತಿರುವಿದರೆ
ಯಾರದೋ ಹೊಲ ಬೆರಳಿಗೆ ಹತ್ತುತ್ತದೆ.

ರಾಲೆಫ್‌ಸನ್ ಎಂಬ ಹೆಸರಿಲ್ಲ.
ಮದುವೆಗೆ ಮುಂಚಿನದನ್ನು ಬರೆಯಲು ಮರೆತಿದ್ದಾಳೆ.
ಡ್ಯಾಗ್ನಿಯರು ಮೂವರು.
ಪತ್ರವನ್ನು ಸಹಿಗಳ ಪಕ್ಕ ಹಿಡಿದು ಇಳಿಯುತ್ತ ಬಂದೆ,
ಹೆಸರಿನ ಕೊನೆಯಲ್ಲಿ ಆ ಬಾಲ,
ಹಗ್ಗ ಸುತ್ತಿ ಮೊಳೆಗೆ ತೂಗುಹಾಕಿದ ಹಾಗೆ, ಸಿಕ್ಕಿತು.
ಡ್ಯಾಗ್ನಿ ಓಸ್, ವಯಸ್ಸು ಹತ್ತೊಂಬತ್ತು, ಎರಡನೇ ದರ್ಜೆ.
ಭೂಗೋಳ ಎಂಬತ್ತೆಂಟು.
ಅಂಕಗಣಿತ ಎಪ್ಪತ್ತನಾಲ್ಕು.
ಕೈಬರಹ ತೊಂಬತ್ತಾರು.
ನಡತೆ: ಒಳ್ಳೆಯದು. ಅದಕ್ಕೆ ಅಂಕವಿಲ್ಲ.

'ಸುಟ್ಟುಹೋಗಿದೆ'ಗೆ ಒಂದು ಗೀಟೆಳೆದರೆ ಮುಗಿಯುತ್ತಿತ್ತು.
ಸಾಹೇಬರು ಮೊಹರು ಒತ್ತುತ್ತಾರೆ, ಓದುವುದಿಲ್ಲ.
ಆದರೆ ಕೆಳಗೆ, 'ಮೇಲ್ಕಂಡದ್ದೆಲ್ಲ ಸತ್ಯ' ಎಂಬಲ್ಲಿ
ಅವಳಾಗಲೇ ಸಹಿ ಹಾಕಿಬಿಟ್ಟಿದ್ದಾಳೆ.

ಜೇಬು ತಡವಿ ಮೂರು ಸೆಂಟು ಡಬ್ಬಿಗೆ ಹಾಕಿದೆ.
ಆಮೇಲೆ, ಸ್ಕೇಲು ಹುಡುಕುವ ತಾಳ್ಮೆಯಿಲ್ಲದೆ,
ಮೂರರ ಕೆಳಗೆ ಇನ್ನೊಂದು ಚೌಕ ಬರೆದೆ,
ಸೊಟ್ಟಗೇ ಬಂತು.
ಅದರ ಮುಂದೆ, ನನ್ನ ಕೆಟ್ಟ ಕೈಬರಹದಲ್ಲಿ:

ಮೂಲ ಪ್ರತಿ ಬಳಕೆಯಲ್ಲಿದೆ.