ಬೇಕೆಂದೇ ಉಳಿದದ್ದು

ಸಿದ್ದಾಪುರ. ಬೆಳೆಗಾರರ ಸಂಘದ ಹಿಂದಿನ ಕೋಣೆ.
ಗೋಣಿಚೀಲದ ದೂಳು ಹೊದ್ದ ಸರ್ವರ್
ಹಳೇ ಫ್ರಿಜ್ಜಿನ ಹಾಗೆ ಗೊರಗುಡುತ್ತದೆ.
'ತೂಕದ ಆ ಸಾಫ್ಟ್‌ವೇರ್ ಪೂರಾ ತೆಗೆದುಬಿಡು ನೌಫಲ್,
ಸೋಮವಾರ ಹೊಸಬರು ಬರ್ತಾರೆ, ಗುರುತೂ ಇರಬಾರದು'
ಎಂದು ಕೀಲಿಗೊಂಚಲು ಮೇಜಿಗಿಟ್ಟು
ಸೆಕ್ರೆಟರಿ ಮಾದಯ್ಯ ಯಾರದೋ ಮದುವೆಗೆ ಹೋದರು.

ತೆಗೆ ಅಂದರೆ ತೆಗೆಯುತ್ತದೆ, ಸರಿ.
ಆದರೆ ಬರೀ ರಿಮೂವ್ ಎಂದರೆ
ರೋಬಸ್ಟಾ ಗಿಡವನ್ನು ನೆಲಮಟ್ಟಕ್ಕೆ ಕಡಿದಂತೆ.
ಮೇಲೆ ಬಯಲು, ಕೆಳಗೆ ಬುಡ.
ಬುಡ ಬಿಟ್ಟರೆ ಪಕ್ಕದ ಗಿಡಕ್ಕೆ ಬೇರುರೋಗ ಎಂದು
ತೋಟದವರಿಗೆ ನಾನು ಹೇಳಬೇಕಿಲ್ಲ.

ಮೊದಲು ರಸೀದಿಗಳ ಬ್ಯಾಕಪ್. ಆಮೇಲೆ ಸರ್ವಿಸ್ ನಿಲ್ಲಿಸಿದೆ.
ರಾತ್ರಿ ಎರಡಕ್ಕೆ ಎದ್ದು
ಬಳಕೆಯಲ್ಲಿಲ್ಲದ ನಂಬರಿಗೆ ದಿನದ ಲೆಕ್ಕ ಕಳಿಸುತ್ತಿದ್ದ
ಒಂದು ಸಾಲು ಸಿಕ್ಕಿತು, ಅಳಿಸಿದೆ.
ಆರು ವರ್ಷ, ಒಂದು ದಿನವೂ ತಪ್ಪದೆ. ಪಾಪ.

ಆಟೋರಿಮೂವ್ ಪಟ್ಟಿ ಹಿಡಿಯಿತು:
ಇನ್ನು ಯಾರಿಗೂ ಬೇಡದವು, ಮೂವತ್ತೊಂದು.
ವೈ ಒತ್ತುವ ಬೆರಳು ಅರ್ಧದಲ್ಲಿ ನಿಂತಿತು.
ಹದಿನೇಳನೆಯದು ಕನ್ನಡದ ಅಕ್ಷರ.
ಯಾವುದೋ ದೊಡ್ಡವರ ಬೆನ್ನಿಗೆ ಬಂದು ಸೇರಿಕೊಂಡದ್ದು,
ದೊಡ್ಡವರು ಹೋದ ಮೇಲೆ ಅನಾಥ.
ಅದು ಹೋದರೆ ನಾಳೆಯ ರಸೀದಿಯಲ್ಲಿ
ಹೆಸರಿನ ಜಾಗಕ್ಕೆ ಬರೀ ಚೌಕ, ಚೌಕ, ಚೌಕ.
ಅದನ್ನು ಹೆಸರು ಹಿಡಿದು ಕರೆದು
'ಇದು ನಾವು ಕೇಳಿ ಹಾಕಿಸಿಕೊಂಡದ್ದು' ಎಂದು ಗುರುತು ಹಾಕಿದೆ.
ಉಳಿದ ಮೂವತ್ತು ಹೋದವು.

ಕೊನೆಗೆ ಬುಡ.
ಸೆಟ್ಟಿಂಗ್ ಕಡತ ಒಂದೇ, ಅಂಗೈಯಗಲ.
ಪರ್ಜ್ ಅಂದರೆ ಅದೂ ಹೋಗುತ್ತದೆ.
ತೆರೆಯಬೇಕಾಗಿರಲಿಲ್ಲ. ತೆರೆದೆ.

ತೇವ ಕಡಿತ: ನೂರಕ್ಕೆ ಮೂರೂವರೆ.
ಹೊರಗೆ ಬೋರ್ಡಿನಲ್ಲಿ, ನೀಲಿ ಬಣ್ಣದಲ್ಲಿ, ಎರಡು.
ಸಾಲಿನ ಮೇಲೊಂದು ಟಿಪ್ಪಣಿ:
'ಹೇಳಿದ ಹಾಗೆ ಹಾಕಿದೆ. ನೌ. ಜನವರಿ ಒಂಬತ್ತು.'

ನೌ. ನಾನೇ.
ಇಪ್ಪತ್ತಮೂರು ಆಗ, ಹೊಸ ಬೈಕು, ಮೊದಲ ಗುತ್ತಿಗೆ.
ಯಾಕೆ ಎಂದು ಕೇಳಿದ್ದೆನೇ?
ಇಷ್ಟು ಕೆದಕಿದರೂ ಆ ಕಡತ ಮಾತ್ರ ತಲೆಯಲ್ಲಿ ಸಿಗುತ್ತಿಲ್ಲ.

ಕರಡಿಗೋಡಿನ ಕುಂಞಾಮಿನ
ಏಳು ಮೂಟೆ ಚೆರ್ರಿ ಇಳಿಸಿ
ತಕ್ಕಡಿಯ ಕೆಂಪು ಅಂಕಿಯನ್ನೇ ದಿಟ್ಟಿಸಿ ನಿಲ್ಲುತ್ತಿದ್ದಳು,
ಕಣ್ಣು ಮಿಟುಕಿಸಿದರೆ ಕಿಲೋ ಹಾರಿಹೋಗುವಂತೆ.
ಅಂಕಿ ಸುಳ್ಳು ಹೇಳಲಿಲ್ಲ.
ಅಂಕಿಗೂ ರಸೀದಿಗೂ ನಡುವೆ
ನಾನಿದ್ದೆ.

ಕಾವಲಿನ ಚೋಮ ಬಾಗಿಲಲ್ಲಿ ಬಂದು ನಿಂತ.
'ಈಗ ಹೊರಡಬೇಡಿ. ಮಾಲ್ದಾರೆ ರಸ್ತೆಯಲ್ಲಿ ಆನೆ,
ಮರಿಯೂ ಇದೆಯಂತೆ.'
ಸರಿ ಎಂದೆ. ಕರೆಂಟು ಹೋಯಿತು, ಯುಪಿಎಸ್ ಕೂಗಿತು,
ಕರೆಂಟು ಬಂತು.
ಪರದೆ ಮಾತ್ರ ಕೇಳುತ್ತಲೇ ಇತ್ತು: ಮುಂದುವರಿಸಲೇ?

ಎನ್.

ಕೆಲಸದ ಪುಸ್ತಕ ಎಳೆದುಕೊಂಡು ಬರೆದೆ:
'ಪ್ಯಾಕೇಜು ಮೂವತ್ತು ತೆಗೆದಿದೆ.
ಒಂದು ಕಡತ ಉಳಿದಿದೆ. ಮರೆತಲ್ಲ, ಬೇಕೆಂದೇ.
ಮುದ್ರಿಸಿ ಇಲ್ಲಿ ಅಂಟಿಸಿದೆ.'
ಈ ಸಲ ಹೆಸರು ಪೂರ್ತಿ ಬರೆದೆ,
ಅಪ್ಪನ ಹೆಸರೂ ಸೇರಿಸಿ.

'ಎಲ್ಲ ಕ್ಲೀನಾ?' ಎಂದ ಚೋಮ.
'ಆನೆ ದಾಟಿತಾ?' ಎಂದೆ.
'ಇನ್ನೂ ಇಲ್ಲ.'