ಖಾಲಿ ಚೀಲ

ಗೋಕುಲ ರೋಡಿನ ಮೂರನೇ ಮಹಡಿಯಲ್ಲಿ
ನಾನೂರ ಹನ್ನೆರಡು ಸಣ್ಣ ಪರೀಕ್ಷೆ
ಒಂದು ಕಪ್ಪು ಚಹಾ ಆರುವುದರೊಳಗೆ ಮುಗಿಯುತ್ತವೆ.
ಒಂದೊಂದೂ ಒಂದೊಂದು ಮೆಣಸಿನಕಾಯಿ:
ಮುರಿ, ಮೂಸು, ಬೀಜ ನೋಡು, ಪಕ್ಕಕ್ಕಿಡು.
ಕೆಟ್ಟರೆ ಯಾವುದು ಕೆಟ್ಟಿತೆಂದು
ಸಾಲಿನ ಸಂಖ್ಯೆ ಸಮೇತ ಹೇಳುತ್ತವೆ.

ಇಡೀ ಪರೀಕ್ಷೆಯೂ ಒಂದಿತ್ತು.
ಗೇಟಿನಿಂದ ಚೀಟಿಯವರೆಗೆ
ಕಾಟಾ, ಟೆಂಡರು, ಬಿಲ್ಲು, ಪ್ರಿಂಟರು ಎಲ್ಲ ಹಾಯ್ದು
ನಲವತ್ತು ನಿಮಿಷ.
ಕರೆಂಟು ಹೋದರೆ ಬೀಳುವುದು,
ನೆಟ್‌ವರ್ಕ್ ಮಂದವಾದರೆ ಬೀಳುವುದು,
ಕಾಗದದ ಸುರುಳಿ ಮುಗಿದರೂ ಬೀಳುವುದು.
ಎಲ್ಲಿ ನೋವು ಅಂದರೆ ಹೇಳಲು ಬಾರದ ಕೂಸು.
"ದಿನಾ ಸಾಯೋರಿಗೆ ಅಳೋರ್ಯಾರು" ಅಂದರು ಕುಬಸದ ಸರ್.
ಸಂಕ್ರಾಂತಿಯ ಹಿಂದಿನ ದಿನ
ನಾನೇ ಅದನ್ನು ಬಂದ್ ಮಾಡಿದೆ.
ಬೇಜಾರೇನೂ ಆಗಲಿಲ್ಲ. ಸಂಜೆ ಆರಕ್ಕೇ ಮನೆ ಸೇರಿದೆ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕೆಂಪೆಂದರೆ ಹಣ್ಣು,
ನಮ್ಮ ಪರದೆಯ ಮೇಲೆ ಹಸಿರೆಂದರೆ ಹಣ್ಣು.
ಮೊದಲ ದಿನ ಲ್ಯಾಪ್‌ಟಾಪ್ ಹೊತ್ತು
ಸೀನುತ್ತ, ಕಣ್ಣೊರೆಸುತ್ತ ಕಾಟಾದ ಬಳಿ ನಿಂತಿದ್ದೆ.
ಎಲ್ಲವೂ ಹಸಿರು.

ಹಮಾಲ ದಾವಲಸಾಬ ಚೀಟಿ ಓದಿದ,
ತನ್ನ ಹೆಗಲನ್ನೊಮ್ಮೆ ನೋಡಿಕೊಂಡ.
ಸುರಿದು ಬರಿದಾದ ಚೀಲ ಕೊಡವಿ
ಕಾಟಾದ ಮೇಲೆ ಒಗೆದ. ಒಂದು ಕಿಲೊ.
"ಚೀಲ ಒಂದ ಐತ್ರಿ ಅಕ್ಕಾರ,
ಎರಡು ಸಲ ಯಾಕ ಕಳದೀರಿ?"

ಕಾಟಾದ ಭಾಗ ಬರೆದವಳು ನೀಲಗಂಗಾ,
ಚೀಲದ ತೂಕ ಕಳೆದಿದ್ದಳು, ಸರಿ.
ಬಿಲ್ಲಿನ ಭಾಗ ಬರೆದವಳು ನಾನು,
ಚೀಲದ ತೂಕ ಕಳೆದಿದ್ದೆ, ಸರಿ.
ಎರಡು ಸರಿಗಳ ನಡುವಿನ ಹೊಸ್ತಿಲಲ್ಲಿ
ಯಾರದೋ ಒಂದು ಕಿಲೊ ಮೆಣಸಿನಕಾಯಿ
ಚೀಲ ಚೀಲಕ್ಕೂ ಸೋರುತ್ತಿತ್ತು, ಸದ್ದಿಲ್ಲದೆ.

ವಾಪಸು ಬಸ್ಸು ಮೋಟೆಬೆನ್ನೂರು ದಾಟುವಾಗ
ತೂಗಿ ನೋಡಿದೆ.
ಇಡೀ ಪರೀಕ್ಷೆಗಳನ್ನೇ ಸಾವಿರ ಬರೆದರೆ
ಸೋಮವಾರದ ತಪ್ಪಿಗೆ ಗುರುವಾರ ಉತ್ತರ.
ಒಂದೂ ಇಲ್ಲದಿದ್ದರೆ
ದಾವಲಸಾಬನ ಹೆಗಲೇ ನಮ್ಮ ಪರೀಕ್ಷೆ.
ಅವನಿಗೆ ಪಗಾರ ನಾವು ಕೊಡುವುದಿಲ್ಲ.

ಒಂದು ಸಾಕು.
ಒಂದೇ ಚೀಲ, ಒಂದೇ ಗೇಟು, ಒಂದೇ ಚೀಟಿ,
ನಸುಕಿನಲ್ಲಿ ಒಮ್ಮೆ ನಡೆದು ಬರಲಿ.
ಬಿದ್ದರೆ ಬೈಯುವುದಿಲ್ಲ,
ಎಬ್ಬಿಸಿ, ಧೂಳು ಒರೆಸಿ, ಕೇಳುತ್ತೇನೆ.
ಆಮೇಲೆ ಸಣ್ಣದೊಂದನ್ನು ಬರೆದೆ,
ನಾನೂರ ಹದಿಮೂರನೆಯದು.
ಹೆಸರು: ಖಾಲಿ ಚೀಲ.

ಕುಬಸದ ಸರ್ ಬಗ್ಗಿ ಓದಿದರು,
ಏನೋ ಹೇಳಲು ಹೋಗಿ ಸೀನಿದರು.
ಕೀಲಿಗಳ ಸಂದಿಯಲ್ಲಿ ಇನ್ನೂ ಕೆಂಪು.